ಮೂರು ಸಲ ಹೇಳಿದ ಮಾತು

ಮೇ ತಿಂಗಳು ಬಂದರೆ ನಮ್ಮ ಕಡೆಯ ಹಲವು ಮನೆಗಳಲ್ಲಿ ಮಾತು ಕಮ್ಮಿಯಾಗುತ್ತದೆ. 2010ರ ಮೇ 22, ಶನಿವಾರ. ಸುಬುಹಿ ನಮಾಝ್ ಮುಗಿದು ಮಕ್ಕಳು ಕಿತಾಬು ಹಿಡಿದುಕೊಂಡು ಮದ್ರಸಕ್ಕೆ ಬರುವ ಹೊತ್ತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ 6 ಗಂಟೆ ದಾಟಿ ಐದು ನಿಮಿಷಕ್ಕೆ ಬಜ್ಪೆಯ ರನ್‌ವೇ ಮೀರಿ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದವರು 166 ಜನ. ಉಳಿದವರು ಎಂಟೇ ಜನ. ನನ್ನ ತರಗತಿಯಲ್ಲಿ ಎರಡನೇ ಪಾಠ ಶುರುವಾಗುವಾಗ ಇಬ್ಬರು ಮಕ್ಕಳನ್ನು ಮನೆಯವರು ಬಂದು ಕರೆದುಕೊಂಡು ಹೋದರು. ಯಾಕೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಇಡೀ ಊರಿಗೆ ಗೊತ್ತಾಯಿತು.

ಅಂದಿನಿಂದ ಇಂದಿನವರೆಗೆ ಈ ವಿಷಯ ಬಂದಾಗ ನಮ್ಮಲ್ಲಿ ಎರಡು ಮಾತು ಕೇಳುತ್ತದೆ. ಒಂದು, "ಆ ಗುಡ್ಡದ ಮೇಲಿನ ರನ್‌ವೇಯೇ ಸರಿ ಇಲ್ಲ." ಇನ್ನೊಂದು, "ಅವರ ಅಜಲ್ ಬಂದಿತ್ತು, ಏನು ಮಾಡುವುದು." ಎರಡನೆಯ ಮಾತಿನ ಬಗ್ಗೆ ಕೊನೆಗೆ ಹೇಳುತ್ತೇನೆ. ಮೊದಲನೆಯದು ಪೂರ್ತಿ ಸತ್ಯ ಅಲ್ಲ. ಬಜ್ಪೆಯದ್ದು ಟೇಬಲ್ ಟಾಪ್ ರನ್‌ವೇ ಹೌದು, ತಪ್ಪಿಗೆ ಅಲ್ಲಿ ಜಾಗ ಕಡಿಮೆ ಎಂಬುದೂ ಹೌದು. ಆದರೆ ಅದೇ ರನ್‌ವೇಯಲ್ಲಿ ಅದೇ ಜಾತಿಯ ಬೋಯಿಂಗ್ 737-800 ವಿಮಾನಗಳು ಅದಕ್ಕೂ ಮೊದಲು ಇಳಿದಿದ್ದವು, ಇಂದಿಗೂ ಇಳಿಯುತ್ತಿವೆ. ಆ ದಿನ ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, ಆರು ಕಿಲೋಮೀಟರ್ ದೂರದವರೆಗೆ ಕಣ್ಣಿಗೆ ಕಾಣುತ್ತಿತ್ತು. ವಿಮಾನದಲ್ಲಿ ಯಂತ್ರದ ದೋಷವೂ ಸಿಗಲಿಲ್ಲ. ಹಾಗಾದರೆ ಆದದ್ದೇನು?

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆಯವರ ನೇತೃತ್ವದ ತನಿಖಾ ಸಮಿತಿಯ ವರದಿಯಲ್ಲಿ ಉತ್ತರ ಇದೆ. ಪ್ರತಿ ಮನೆಯಲ್ಲೂ ಮಾತಾಡಬೇಕಾಗಿದ್ದ ವಿಷಯ ಅದು. ನಾವು ಮಾತಾಡಿದ್ದು ಹೆಚ್ಚಾಗಿ ಪರಿಹಾರದ ಹಣದ ಬಗ್ಗೆ. ಅದೂ ಬೇಕಾದದ್ದೇ, ಅದಕ್ಕಾಗಿ ಕುಟುಂಬಗಳು ಕೋರ್ಟು ಹತ್ತಿ ಇಳಿದವು. ಆದರೆ ವರದಿಯ ಮುಖ್ಯ ಪಾಠ ನಮ್ಮ ಕಿವಿಗೆ ಬೀಳಲಿಲ್ಲ.

ಬ್ಲ್ಯಾಕ್ ಬಾಕ್ಸ್‌ನಲ್ಲಿ ಕೊನೆಯ ಎರಡು ಗಂಟೆ ಐದು ನಿಮಿಷದ ಧ್ವನಿ ದಾಖಲಾಗಿತ್ತು. ಅದರಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆಯ ಸದ್ದು ಕೇಳುತ್ತಿತ್ತು. ಎಚ್ಚರವಾದ ಮೇಲೂ ಗಾಢ ನಿದ್ದೆಯಿಂದ ಎದ್ದವನ ಮಂಪರು ಪೂರ್ತಿ ಹೋಗಿರಲಿಲ್ಲ ಎಂದು ಸಮಿತಿ ಅಭಿಪ್ರಾಯಪಟ್ಟಿತು. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಟ್ಟಿತ್ತು. ಅದರಿಂದಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ, ಹತ್ತಿರ ಬಂದ ಮೇಲೆ. ಹಾಗಾಗಿ ರನ್‌ವೇ ಹತ್ತಿರವಾದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು. ಕ್ಯಾಪ್ಟನ್ ಅದನ್ನು ಸರಿಪಡಿಸಲು ವೇಗವಾಗಿ ಕೆಳಗೆ ತಂದರು.

ಈಗ ಮುಖ್ಯ ವಿಷಯ. ಪಕ್ಕದಲ್ಲಿ ಕೂತಿದ್ದ ಸಹ ಪೈಲಟ್‌ಗೆ ಇದು ಸರಿ ಇಲ್ಲ ಎಂದು ಗೊತ್ತಾಗಿತ್ತು. ಅವರು "ಗೋ ಅರೌಂಡ್" ಎಂದು ಹೇಳಿದರು. ಅಂದರೆ ಇಳಿಯುವುದು ಬೇಡ, ಮೇಲೆ ಹೋಗಿ ಒಂದು ಸುತ್ತು ಹಾಕಿ ಮತ್ತೆ ಬರೋಣ ಅಂತ. ಒಂದು ಸಲ ಅಲ್ಲ, ಮೂರು ಸಲ ಹೇಳಿದರು. ನೆಲ ಹತ್ತಿರವಾದಾಗ ಎಚ್ಚರಿಸುವ ಯಂತ್ರ ಕೂಡ ಬೇರೆ ಕೂಗಿಕೊಳ್ಳುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಆಗಲೂ ಬ್ರೇಕನ್ನು ಪೂರ್ತಿ ಒತ್ತಿದ್ದರೆ ರನ್‌ವೇಯ ಒಳಗೇ ನಿಲ್ಲಿಸಬಹುದಿತ್ತು ಎಂದು ಲೆಕ್ಕ ಹಾಕಿ ತೋರಿಸಲಾಗಿದೆ. ಆದರೆ ಕ್ಯಾಪ್ಟನ್ ಕೊನೆ ಗಳಿಗೆಯಲ್ಲಿ ಮತ್ತೆ ಹಾರಲು ನೋಡಿದರು. ಹಾರುವುದಕ್ಕೆ ಜಾಗ ಇರಲಿಲ್ಲ.

ಕ್ಯಾಪ್ಟನ್ ಸಾಮಾನ್ಯದವರಲ್ಲ. ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಿದ ಅನುಭವಿ. ಸಹ ಪೈಲಟ್ ಅನುಭವದಲ್ಲಿ ಚಿಕ್ಕವರು, ಆದರೆ ಮಂಗಳೂರಿನ ರನ್‌ವೇ ಅವರಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕವನಿಗೆ ಗೊತ್ತಿತ್ತು, ಹೇಳಿದ. ದೊಡ್ಡವನು ಕೇಳಲಿಲ್ಲ. ಕೇಳದೆ ಇದ್ದಾಗ ಚಿಕ್ಕವನು ಕೈ ಹಾಕಿ ವಿಮಾನವನ್ನು ತನ್ನ ವಶಕ್ಕೆ ತೆಗೆದುಕೊಳ್ಳಲಿಲ್ಲ. ಯಾಕೆ? ಸಹ ಪೈಲಟ್ ತಾನಾಗಿಯೇ ಗೋ ಅರೌಂಡ್ ಮಾಡಬಹುದೇ ಎಂಬ ಬಗ್ಗೆ ಆಗ ಇದ್ದ ಸೂಚನೆಗಳಲ್ಲೇ ಗೊಂದಲ ಇತ್ತು, ಅದೂ ಒಂದು ಕಾರಣ ಇರಬಹುದು ಎಂದು ವರದಿ ಹೇಳಿತು. ನೋಡಿ, 158 ಜೀವಗಳು ಈ ಒಂದು ಗೊಂದಲದ ಮಧ್ಯೆ ಇದ್ದವು.

ಕ್ಯಾಪ್ಟನ್‌ಗೆ ಶಾಪ ಹಾಕಲು ನಾನು ಇದನ್ನು ಬರೆಯುತ್ತಿಲ್ಲ. ಅವರೂ ಅದೇ ಬೆಂಕಿಯಲ್ಲಿ ಹೋದರು, ಅವರಿಗೂ ಮನೆ ಇತ್ತು. ಅಂತಾರಾಷ್ಟ್ರೀಯ ನಿಯಮದಲ್ಲೂ ಅಪಘಾತದ ತನಿಖೆಯ ಉದ್ದೇಶ ಇನ್ನೊಂದು ಅಪಘಾತ ಆಗದಂತೆ ತಡೆಯುವುದು ಮಾತ್ರ, ತಪ್ಪು ಹೊರಿಸುವುದಲ್ಲ ಎಂದೇ ಇದೆ. ನಾನು ಬರೆಯುವುದು ನಮ್ಮ ಬಗ್ಗೆ. ದೊಡ್ಡವರು ತಪ್ಪು ಮಾಡುವಾಗ ಚಿಕ್ಕವರು ಹೇಳಬಹುದೇ, ಹೇಳಿದರೆ ನಾವು ಕೇಳುತ್ತೇವೆಯೇ ಎಂಬುದರ ಬಗ್ಗೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಖತೀಬರು ರಜೆಯಲ್ಲಿದ್ದಾಗ ಇಶಾ ನಮಾಝಿಗೆ ನಾನು ಇಮಾಮನಾಗಿ ನಿಂತಿದ್ದೆ. ಮನಸ್ಸು ಎಲ್ಲಿತ್ತೋ, ಮೂರು ರಕಅತ್‌ಗೆ ಕೂತು ಬಿಟ್ಟೆ. ಹಿಂದಿನ ಸಾಲಿನಿಂದ ಒಬ್ಬ ಸಣ್ಣ ಹುಡುಗ, ನನ್ನ ಮದ್ರಸದವನೇ, "ಸುಬ್‌ಹಾನಲ್ಲಾಹ್" ಎಂದ. ಮುಂದಿನ ಸಾಲಿನ ಹಿರಿಯರು ಯಾರೂ ಏನೂ ಹೇಳಲಿಲ್ಲ. ಅವರೇ ಸುಮ್ಮನಿರುವಾಗ ಹುಡುಗನಿಗೆ ತಪ್ಪಿರಬೇಕು ಎಂದುಕೊಂಡು ನಾನು ಸಲಾಂ ಕೊಟ್ಟೆ. ಆಮೇಲೆ ಒಬ್ಬರು ಮೆಲ್ಲ ಬಂದು "ಮೂರೇ ಆದದ್ದು ಉಸ್ತಾದ್" ಎಂದರು. ಎದ್ದು ಉಳಿದದ್ದನ್ನು ಪೂರ್ತಿ ಮಾಡಿ, ಮರೆವಿನ ಸುಜೂದ್ ಮಾಡಿದೆವು. ನಮಾಝ್ ಸರಿಯಾಯಿತು. ಆದರೆ ಪಳ್ಳಿಯ ಅಂಗಳಕ್ಕೆ ಬರುವಾಗ ನೋಡಿದರೆ ಆ ಹುಡುಗನಿಗೆ ಒಬ್ಬ ಕಾಕ ಬೈಯುತ್ತಿದ್ದರು: "ದೊಡ್ಡವರು ಇಷ್ಟು ಜನ ಇದ್ದೇವೆ, ಉಸ್ತಾದರಿಗೆ ಕಲಿಸುವುದು ನೀನಾ?" ಹುಡುಗ ತಲೆ ತಗ್ಗಿಸಿ ನಿಂತಿದ್ದ. ಮುಂದಿನ ಸಾಲಿನವರಲ್ಲಿ ಕೇಳಿದೆ, ನಿಮಗೆ ಗೊತ್ತಾಗಲಿಲ್ಲವಾ ಅಂತ. ಇಬ್ಬರು ಹೇಳಿದರು: "ಗೊತ್ತಾಗಿತ್ತು ಉಸ್ತಾದ್, ನಿಮಗೆ ಬೇಜಾರಾಗಬಾರದು ಅಂತ ಸುಮ್ಮನಿದ್ದೆವು."

ನನಗೆ ಬೇಜಾರಾಗಬಾರದು ಅಂತ ಎಲ್ಲರ ನಮಾಝ್ ಹಾಳಾಗುವುದರಲ್ಲಿತ್ತು.

ಇದು ಅದಬ್ ಅಲ್ಲ. ನಮ್ಮ ಫಿಕ್‌ಹ್‌ನಲ್ಲಿ ಇಮಾಮ್ ಮರೆತರೆ ಹಿಂದಿನ ಗಂಡಸರು ಸುಬ್‌ಹಾನಲ್ಲಾಹ್ ಎನ್ನಬೇಕು, ಹೆಂಗಸರು ಕೈ ತಟ್ಟಬೇಕು. ಇದು ಮದ್ರಸದ ಚಿಕ್ಕ ಕ್ಲಾಸಿನಲ್ಲೇ ಕಲಿಸುವ ಪಾಠ. ಅಷ್ಟೇ ಅಲ್ಲ, ಇಮಾಮ್ ಐದನೇ ರಕಅತ್‌ಗೆ ಎದ್ದು ಬಿಟ್ಟ, ಅದು ತಪ್ಪು ಎಂದು ನಿನಗೆ ಖಚಿತ ಗೊತ್ತು ಎಂದಾದರೆ ನೀನು ಅವನ ಹಿಂದೆ ಏಳಬಾರದು ಎಂದು ಶಾಫಿಈ ಮದ್‌ಹಬ್ ಹೇಳುತ್ತದೆ. ಅಂದರೆ ಹೇಳುವುದಕ್ಕೂ ವಿಧಿ ಇದೆ, ಹೇಳಿ ಕೇಳದಿದ್ದರೆ ಏನು ಮಾಡಬೇಕು ಎಂಬುದಕ್ಕೂ ವಿಧಿ ಇದೆ. ಗೊಂದಲಕ್ಕೆ ಜಾಗ ಇಟ್ಟಿಲ್ಲ. ಆ ದಿನ ವಿಮಾನದೊಳಗೆ ಇಲ್ಲದೇ ಹೋದದ್ದು ಇದೇ ಸ್ಪಷ್ಟತೆ.

ಹದೀಸ್‌ನಲ್ಲಿ ಬರುವ ದುಲ್‌ಯದೈನ್ ಎಂಬ ಸಹಾಬಿಯ ಕಥೆ ಹಲವರಿಗೆ ಗೊತ್ತಿರಬಹುದು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಒಮ್ಮೆ ಪ್ರವಾದಿ (ಸ.ಅ.) ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೇ ಮುಗಿಸಿ ಸಲಾಂ ಕೊಟ್ಟರು. ಜನರ ನಡುವೆ ಅಬೂಬಕ್ಕರ್ (ರ.ಅ.) ಇದ್ದರು, ಉಮರ್ (ರ.ಅ.) ಇದ್ದರು. ಗೌರವದಿಂದ ಅವರಿಗೂ ಮಾತಾಡಲು ಅಳುಕಾಯಿತು. ಎದ್ದು ಕೇಳಿದ್ದು ದುಲ್‌ಯದೈನ್: ನಮಾಝ್ ಕಡಿಮೆ ಮಾಡಲಾಯಿತೇ, ಅಲ್ಲ ತಾವು ಮರೆತಿರಾ ಎಂದು. ಪ್ರವಾದಿಯವರು ಸಿಟ್ಟಾಗಲಿಲ್ಲ, ನೀನು ಯಾರು ಎಂದು ಕೇಳಲಿಲ್ಲ. ಇವರು ಹೇಳುವುದು ಹೌದಾ ಎಂದು ಉಳಿದವರಲ್ಲಿ ವಿಚಾರಿಸಿದರು. ಹೌದು ಎಂದಾಗ ಮುಂದೆ ಬಂದು ಬಾಕಿ ಇದ್ದದ್ದನ್ನು ಪೂರ್ತಿ ಮಾಡಿದರು. ಅಲ್ಲಾಹನ ರಸೂಲರಿಗೇ ನೆನಪು ಮಾಡಿಕೊಡಬಹುದು ಎಂದಾದರೆ ಕ್ಯಾಪ್ಟನ್ ಯಾರು, ಉಸ್ತಾದ್ ಯಾರು, ಮನೆಯ ಯಜಮಾನ ಯಾರು?

ವಿಮಾನದ ಲೋಕ ಈ ಪಾಠ ಕಲಿತದ್ದು ಬಹಳ ಬೆಲೆ ಕೊಟ್ಟು. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಎರಡು ದೊಡ್ಡ ಜಂಬೋ ವಿಮಾನಗಳು ಮಂಜಿನಲ್ಲಿ ರನ್‌ವೇ ಮೇಲೆಯೇ ಡಿಕ್ಕಿಯಾದವು. ಸತ್ತವರು 583 ಮಂದಿ. ಹಾರಲು ಹೊರಟ ವಿಮಾನದ ಕ್ಯಾಪ್ಟನ್ ತನ್ನ ಕಂಪನಿಯಲ್ಲಿ ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುವಷ್ಟು ಹಿರಿಯ. ಇನ್ನೊಂದು ವಿಮಾನ ಇನ್ನೂ ರನ್‌ವೇಯಲ್ಲೇ ಇದೆಯಾ ಎಂಬ ಸಂಶಯ ಫ್ಲೈಟ್ ಎಂಜಿನಿಯರ್‌ಗೆ ಬಂತು, ಕೇಳಿಯೂ ಕೇಳಿದ. ಕ್ಯಾಪ್ಟನ್ ಇಲ್ಲ ಎಂದು ಗಟ್ಟಿಯಾಗಿ ಹೇಳಿದ ಮೇಲೆ ಅವನು ಮತ್ತೆ ಮಾತಾಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಹುಟ್ಟಿದ ತರಬೇತಿಗೆ ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ಅದರ ಸಾರ ಇಷ್ಟೇ: ಚಿಕ್ಕವನು ಹೇಳಲು ಕಲಿಯಬೇಕು, ದೊಡ್ಡವನು ಕೇಳಲು ಕಲಿಯಬೇಕು. ಇಂದು ಜಗತ್ತಿನ ವಿಮಾನ ಕಂಪನಿಗಳಲ್ಲಿ ಪೈಲಟ್‌ಗಳಿಗೂ ಕ್ಯಾಬಿನ್ ಸಿಬ್ಬಂದಿಗೂ ಇದು ಕಡ್ಡಾಯ ಪಾಠ.

ಪಾಠ ಇದ್ದರೂ ಮನುಷ್ಯನ ಸ್ವಭಾವ ಬೇಗ ಬದಲಾಗುವುದಿಲ್ಲ. ಮಂಗಳೂರಿನ ದುರಂತ ಆಗಿ ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರಂದು, ಕೊರೊನಾ ಸಮಯದಲ್ಲಿ ದುಬೈಯಿಂದ ಜನರನ್ನು ಕರೆತಂದ ವಿಮಾನ ಕೋಝಿಕ್ಕೋಡಿನಲ್ಲಿ ರನ್‌ವೇ ದಾಟಿ ಕೆಳಗೆ ಬಿತ್ತು. ಅದೂ ಟೇಬಲ್ ಟಾಪ್. 190 ಜನರಲ್ಲಿ 21 ಮಂದಿ ಹೋದರು. ಅಲ್ಲಿ ಜೋರು ಮಳೆ ಇತ್ತು, ಕ್ಯಾಪ್ಟನ್ ಬದಿಯ ವೈಪರ್ ಕೈಕೊಟ್ಟಿತ್ತು. ತನಿಖಾ ವರದಿ ಓದಿದರೆ ಎದೆ ಝಲ್ಲೆನ್ನುತ್ತದೆ. ಅಲ್ಲೂ ಸಹ ಪೈಲಟ್ ಗೋ ಅರೌಂಡ್ ಎಂದಿದ್ದರು. ಅಲ್ಲೂ ಕ್ಯಾಪ್ಟನ್ ಇಳಿಸಿದರು. ಅಲ್ಲೂ ಸಹ ಪೈಲಟ್ ನಿಯಂತ್ರಣ ತೆಗೆದುಕೊಳ್ಳಲಿಲ್ಲ. ಇಬ್ಬರೂ ಉಳಿಯಲಿಲ್ಲ.

ಗೋ ಅರೌಂಡ್ ಎಂದರೆ ಸೋಲು ಎಂಬ ಭಾವನೆ ಪ್ರಯಾಣಿಕರಾದ ನಮ್ಮಲ್ಲೂ ಇದೆ. ಮಳೆಗಾಲದಲ್ಲಿ ವಿಮಾನ ಬಜ್ಪೆಗೆ ಇಳಿಯದೆ ಮತ್ತೆ ಮೇಲೇರಿದರೆ, ಇಲ್ಲವೇ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಕೂತರೆ ನಾವು ಬೈಯುತ್ತೇವೆ. "ಇವನಿಗೆ ಇಳಿಸಲು ಬರುವುದಿಲ್ಲ" ಎನ್ನುತ್ತೇವೆ. ಇನ್ನು ಮೇಲೆ ಹಾಗೆ ಹೇಳಬೇಡಿ. ಮೇಲೆ ಹೋದ ಪೈಲಟ್‌ಗೆ ದುಆ ಮಾಡಿ. 2010ರ ಆ ಬೆಳಿಗ್ಗೆ ಯಾರಾದರೂ ಹಾಗೆ ಮೇಲೆ ಹೋಗಿದ್ದರೆ ನಮ್ಮ ಜನ ಅರ್ಧ ಗಂಟೆ ತಡವಾಗಿ ಮನೆಗೆ ಬರುತ್ತಿದ್ದರು, ಅಷ್ಟೇ.

ನಿದ್ದೆಯ ವಿಷಯವೂ ಹೀಗೆಯೇ. ರಾತ್ರಿ ಎರಡರಿಂದ ಬೆಳಿಗ್ಗೆ ಆರರ ನಡುವೆ ಮನುಷ್ಯನ ಶರೀರ ತೀರಾ ಮಂದವಾಗಿರುತ್ತದೆ. ನಮ್ಮ ಗಲ್ಫ್ ವಿಮಾನಗಳು ಹೆಚ್ಚಾಗಿ ಹಾರುವುದೇ ಈ ಹೊತ್ತಿನಲ್ಲಿ. ಇದನ್ನು ಗಮನದಲ್ಲಿಟ್ಟು ನಾಗರಿಕ ವಿಮಾನಯಾನ ನಿರ್ದೇಶನಾಲಯ ಪೈಲಟ್‌ಗಳಿಗೆ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿತು, ರಾತ್ರಿ ಇಳಿಸುವ ಸಂಖ್ಯೆಯನ್ನು ಆರರಿಂದ ಎರಡಕ್ಕೆ ಇಳಿಸಿತು. 2025ರಲ್ಲಿ ಎರಡು ಹಂತದಲ್ಲಿ ಜಾರಿಯಾಯಿತು. ಡಿಸೆಂಬರ್ ಮೊದಲ ವಾರ ಏನಾಯಿತು ನಿಮಗೆ ನೆನಪಿದೆ. ಇಂಡಿಗೊದ ಸಾವಿರಾರು ವಿಮಾನಗಳು ರದ್ದಾದವು, ವಿಮಾನ ನಿಲ್ದಾಣಗಳಲ್ಲಿ ಜನ ನೆಲದ ಮೇಲೆ ಮಲಗಿದರು. ಕೊನೆಗೆ ರಾತ್ರಿ ಕೆಲಸದ ನಿಯಮದಿಂದ ಆ ಕಂಪನಿಗೆ ಕೆಲವು ವಾರದ ವಿನಾಯಿತಿ ಕೊಡಬೇಕಾಯಿತು. ಜನರ ಕಷ್ಟ ನಿಜ, ಸಿದ್ಧತೆ ಮಾಡದವರನ್ನು ಕೇಳಲೇಬೇಕು. ಆದರೆ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಆಗ ಓಡಾಡಿದ ಮಾತು ಬೇರೆ: "ಪೈಲಟ್‌ಗಳಿಗೆ ಎಂಥ ನಿದ್ದೆ, ಲಕ್ಷಗಟ್ಟಲೆ ಸಂಬಳ ಸಿಗುವುದಿಲ್ಲವಾ?" ಬೇರೆ ಯಾರು ಬೇಕಾದರೂ ಹೀಗೆ ಹೇಳಲಿ. ಕೆಂಜಾರಿನ ಕಣಿವೆ ಕಂಡ ಊರಿನವರು ಹೇಳಬಾರದು.

ಪೈಲಟ್‌ಗಳ ಮಾತು ಇಷ್ಟಾಯಿತು. ವಿಮಾನವನ್ನು ನೆಲದ ಮೇಲೆ ಕಾಯುವವರೂ ಇದ್ದಾರೆ. ನಮ್ಮ ಹುಡುಗರಲ್ಲಿ ಈಗ ಕೆಲವರು ಏರ್‌ಕ್ರಾಫ್ಟ್ ಮೆಂಟೆನೆನ್ಸ್ ಕಲಿಯುತ್ತಿದ್ದಾರೆ, ಇನ್ನು ಕೆಲವರು ಗಲ್ಫ್‌ನ ವಿಮಾನ ನಿಲ್ದಾಣಗಳಲ್ಲಿ ದುಡಿಯುತ್ತಿದ್ದಾರೆ. ಸಂತೋಷ. ಅವರ ಕೆಲಸ ಎಷ್ಟು ದೊಡ್ಡ ಅಮಾನತ್ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ.

1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ ಹದಿನೇಳು ಸಾವಿರ ಅಡಿ ಎತ್ತರಕ್ಕೆ ಹೋದಾಗ ಕ್ಯಾಪ್ಟನ್ ಮುಂದಿನ ಗಾಜು ಕಿತ್ತು ಹೋಯಿತು. ಕ್ಯಾಪ್ಟನ್ ಅರ್ಧ ಶರೀರ ಹೊರಗೆ ಎಳೆದುಕೊಂಡು ಹೋಯಿತು. ಕ್ಯಾಬಿನ್ ಸಿಬ್ಬಂದಿ ಓಡಿ ಬಂದು ಅವರ ಕಾಲು, ಸೊಂಟ ಗಟ್ಟಿ ಹಿಡಿದುಕೊಂಡರು. ವಿಮಾನ ಇಳಿಯುವ ತನಕ, ಸುಮಾರು ಇಪ್ಪತ್ತು ನಿಮಿಷ, ಬಿಡಲಿಲ್ಲ. ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಸೇರಿ ಎಲ್ಲ 87 ಮಂದಿ ಬದುಕಿದರು, ಅಲ್‌ಹಮ್ದುಲಿಲ್ಲಾಹ್.

ಗಾಜು ಯಾಕೆ ಕಿತ್ತಿತು? ಹಾರುವ ಮುಂಚೆ ರಾತ್ರಿ ಪಾಳಿಯಲ್ಲಿ ಅದನ್ನು ಹೊಸದಾಗಿ ಹಾಕಿದ್ದರು. 90 ಬೋಲ್ಟುಗಳಲ್ಲಿ 84 ಒಂದಿಷ್ಟು ಸಪೂರ. ಕೂದಲೆಳೆಯಷ್ಟು ವ್ಯತ್ಯಾಸ, ಒಂದು ಮಿಲಿಮೀಟರ್ ಕೂಡ ಇಲ್ಲ. ಹಾಕಿದವರು ಆ ಪಾಳಿಯ ಮ್ಯಾನೇಜರೇ. ಪುಸ್ತಕ ನೋಡದೆ ಹಳೆ ಬೋಲ್ಟಿಗೆ ಹೊಸದನ್ನು ಕಣ್ಣಂದಾಜಿನಲ್ಲಿ ಹೋಲಿಸಿ ಆರಿಸಿದ್ದರು. ಸ್ಟೋರಿನವನು ಆ ಗಾಜಿಗೆ ಬೇರೆ ಅಳತೆಯ ಬೋಲ್ಟು ಬೇಕು ಎಂದು ಹೇಳಿದ್ದ. ಆದರೆ ಒತ್ತಿ ಹೇಳಲಿಲ್ಲ. ಮ್ಯಾನೇಜರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡುವ ಕ್ರಮವೂ ಆ ಕೆಲಸಕ್ಕೆ ಇರಲಿಲ್ಲ. ನೋಡಿ, ಮತ್ತೆ ಅದೇ ಕಥೆ. ಅಲ್ಲಿ ಕಾಕ್‌ಪಿಟ್, ಇಲ್ಲಿ ಸ್ಟೋರ್ ರೂಮ್.

ವಿಮಾನ ಹಾರುವ ಮುಂಚೆ ಎಂಜಿನಿಯರ್ ಒಂದು ಸಹಿ ಹಾಕುತ್ತಾನೆ, ಇದು ಹಾರಲು ಯೋಗ್ಯ ಎಂದು. ಆ ಸಹಿ ಒಂದು ಶಹಾದತ್ ಇದ್ದ ಹಾಗೆ, ಸಾಕ್ಷಿ. ನೋಡದೆ ಸಾಕ್ಷಿ ಹೇಳಬಾರದು ಎಂದು ನಾವು ಮಕ್ಕಳಿಗೆ ಕಲಿಸುವುದಿಲ್ಲವಾ? "ಬೇಗ ಸಹಿ ಹಾಕು, ವಿಮಾನ ತಡವಾಗುತ್ತದೆ" ಎಂದು ಮೇಲಿನವರು ಹೇಳಿದರೂ ನೋಡದ್ದಕ್ಕೆ ಸಹಿ ಹಾಕಬಾರದು. ಅಲ್ಲಿ ಹುಡುಗನಿಗೆ ನೆನಪಾಗಬೇಕಾದದ್ದು ಮದ್ರಸದ ಈ ಪಾಠ. ನೆನಪಾಗದಿದ್ದರೆ ಹುಡುಗನದ್ದು ಮಾತ್ರ ಅಲ್ಲ, ಕಲಿಸಿದ ನಮ್ಮದೂ ಕೊರತೆ.

ಕ್ಯಾಬಿನ್ ಸಿಬ್ಬಂದಿಯ ಬಗ್ಗೆ ನಮ್ಮ ಜನರ ಕಲ್ಪನೆ ಇನ್ನೂ ತಿದ್ದಬೇಕು. ಅವರನ್ನು ಚಾ ಕೊಡುವವರು ಎಂದು ಎಣಿಸುತ್ತೇವೆ. ಬೆಲ್ಟ್ ಹಾಕಿ ಎಂದರೆ ಸಿಡುಕುತ್ತೇವೆ. ಚಕ್ರ ನೆಲ ಮುಟ್ಟುವುದೇ ತಡ, ಎದ್ದು ನಿಂತು ಮೇಲಿನ ಪೆಟ್ಟಿಗೆಗೆ ಕೈ ಹಾಕುತ್ತೇವೆ. ಕುಳಿತುಕೊಳ್ಳಿ ಎಂದು ಆ ಹೆಣ್ಣು ಮಗಳು ಕೂಗಿದರೆ ಅದು ನಮಗೆ ತಮಾಷೆ. 2024ರ ಜನವರಿ 2ರಂದು ಜಪಾನಿನ ಹನೇಡ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇಯಲ್ಲಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಚಿಕ್ಕ ವಿಮಾನದಲ್ಲಿದ್ದ ಐವರು ಹೋದರು. ದೊಡ್ಡದರಲ್ಲಿದ್ದ 379 ಮಂದಿಯೂ ಜೀವಂತ ಹೊರಬಂದರು. ಒಳಗಿನ ಮೈಕ್ ಕೆಲಸ ಮಾಡುತ್ತಿರಲಿಲ್ಲ, ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿ ಹೇಳಿದರು. ಹಿಂದಿನ ಬಾಗಿಲಿನ ಸಿಬ್ಬಂದಿಗೆ ಕಾಕ್‌ಪಿಟ್ ಸಂಪರ್ಕವೇ ಸಿಗಲಿಲ್ಲ. ಅವರು ಅಪ್ಪಣೆಗೆ ಕಾಯದೆ, ಹೊರಗೆ ಬೆಂಕಿ ಇಲ್ಲ ಎಂದು ನೋಡಿ ಬಾಗಿಲು ತೆರೆದರು. ಹಾಗೆ ತೆರೆಯಲು ಅವರಿಗೆ ಅಧಿಕಾರ ಇತ್ತು, ತರಬೇತಿ ಇತ್ತು. ಜನರೂ ಚೀಲ ಬಿಟ್ಟು ಬಂದರು.

ನಮ್ಮ ಕಡೆಯವರು ತುಂಬಿದ ವಿಮಾನದಲ್ಲಿ ಆದದ್ದೂ ಒಂದಿದೆ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ದುಬೈಗೆ ಹೋದ ಎಮಿರೇಟ್ಸ್ ವಿಮಾನ ರನ್‌ವೇ ಮೇಲೆ ಹೊಟ್ಟೆಯಲ್ಲಿ ಜಾರಿ ಹೊಗೆ ತುಂಬಿತು. ಕೆಲವರು ಆ ಹೊಗೆಯಲ್ಲೂ ಬ್ಯಾಗು, ಲ್ಯಾಪ್‌ಟಾಪ್ ಹುಡುಕುವ ವಿಡಿಯೋವನ್ನು ಜಗತ್ತೇ ನೋಡಿತು. ಒಳಗಿದ್ದ 300 ಮಂದಿಯೂ ಹೊರಬಂದರು, ಅಲ್ಲಾಹನ ಕರುಣೆ. ಆದರೆ ಕೆಲವೇ ನಿಮಿಷದಲ್ಲಿ ಇಂಧನದ ಟ್ಯಾಂಕ್ ಸಿಡಿದು ಬೆಂಕಿ ಆರಿಸುತ್ತಿದ್ದ ಒಬ್ಬ ಯುವಕ ತೀರಿಹೋದ. ಎರಡು ವರ್ಷ ದುಡಿದು ತಂದ ಚಿನ್ನ, ಮಕ್ಕಳಿಗೆ ತಂದ ಸಾಮಾನು ಬಿಟ್ಟು ಬರುವುದು ಕಷ್ಟ, ನನಗೆ ಗೊತ್ತು. ಆದರೆ ನಿಮ್ಮ ಚೀಲ ನಿಮ್ಮ ಹಿಂದೆ ನಿಂತವನ ಪ್ರಾಣದ ದಾರಿ ಅಡ್ಡ ಕಟ್ಟುತ್ತದೆ. ಅದು ಹಕ್ಕುಲ್ ಇಬಾದ್‌ನ ವಿಷಯ, ಇನ್ನೊಬ್ಬನ ಹಕ್ಕು.

ಈಗ ಮೊದಲೇ ಹೇಳಿದ ಎರಡನೇ ಮಾತಿಗೆ ಬರುತ್ತೇನೆ. ಅಜಲ್. ಮರಣದ ಹೊತ್ತು ಅಲ್ಲಾಹನು ಬರೆದದ್ದು, ಒಂದು ಕ್ಷಣ ಹಿಂದೆ ಮುಂದೆ ಆಗುವುದಿಲ್ಲ. ಇದು ನಮ್ಮ ಈಮಾನ್. ಬೆಂಕಿಯಲ್ಲಿ ತೀರಿಹೋದವರನ್ನು ಶಹೀದರ ಸಾಲಿನಲ್ಲಿ ಎಣಿಸಿದ ಹದೀಸ್ ಇದೆ. ಮಗನನ್ನು ಕಳಕೊಂಡ ಉಮ್ಮನ ಮುಂದೆ ಕೂತಾಗ ನಾನೂ ಇದನ್ನೇ ಹೇಳಿದ್ದೇನೆ. ಆದರೆ ಖದ್ರ್‌ನ ಮೇಲಿನ ನಂಬಿಕೆ ನೊಂದವರಿಗೆ ಸಮಾಧಾನ, ಎಚ್ಚರ ತಪ್ಪಿದವರಿಗೆ ನೆಪ ಅಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡು ಎಂದದ್ದು ನಮ್ಮ ಪ್ರವಾದಿಯವರೇ. ಕಟ್ಟದವನು ಒಂಟೆ ಹೋದ ಮೇಲೆ ಖದ್ರ್ ಎಂದರೆ ಅವನು ತನ್ನ ತಪ್ಪನ್ನು ಅಲ್ಲಾಹನ ಮೇಲೆ ಹಾಕಿದ ಹಾಗೆ. ಅದು ಭಕ್ತಿ ಅಲ್ಲ, ಬೇಅದಬಿ.

ಹಾಗಾದರೆ ವಿಮಾನ ಓಡಿಸದ ನಾವು ಏನು ಮಾಡುವುದು? ನಮ್ಮಿಂದ ಆಗುವುದು ಮನೆಯಲ್ಲಿದೆ, ಮದ್ರಸದಲ್ಲಿದೆ. ಕಾರಿನಲ್ಲಿ ಹೋಗುವಾಗ ಮಗಳು "ಬಾಪ, ಫೋನ್ ಇಡಿ" ಎಂದರೆ ಗದರಬೇಡಿ, ಫೋನ್ ಇಡಿ. ರಾತ್ರಿ ಕೆಲಸ ಮುಗಿಸಿ ಬಂದ ಮಗ "ನಿದ್ದೆ ಬರುತ್ತಿದೆ, ನಾನು ಗಾಡಿ ಓಡಿಸುವುದಿಲ್ಲ" ಎಂದರೆ ಅವನನ್ನು ಸೋಮಾರಿ ಎನ್ನಬೇಡಿ. ಗಲ್ಫ್‌ನಲ್ಲಿ ಫೋರ್‌ಮನ್ ಆಗಿರುವ ನಮ್ಮವರೇ, ನಿಮ್ಮ ಕೈಕೆಳಗಿನ ಹೊಸ ಹುಡುಗ "ಇಕ್ಕ, ಈ ಹಗ್ಗ ಸರಿ ಇಲ್ಲ" ಎಂದರೆ ಮೊದಲು ಹಗ್ಗ ನೋಡಿ, ಆಮೇಲೆ ಬೈಯುವುದಿದ್ದರೆ ಬೈಯಿರಿ. ಮಕ್ಕಳಿಗೆ ಹೇಳುವ ರೀತಿ ಕಲಿಸಬೇಕು ಹೌದು, ಮೆಲ್ಲಗೆ, ಗೌರವದಿಂದ. ಆದರೆ ಹೇಳದೇ ಇರುವುದನ್ನು ಗೌರವ ಎಂದು ಕಲಿಸಬಾರದು. ಹಾಗೆ ಕಲಿತ ಮಗು ನಾಳೆ ಕಾಕ್‌ಪಿಟ್‌ನಲ್ಲಿ ಕೂತರೂ ಮೂರು ಸಲ ಹೇಳಿ ಸುಮ್ಮನಾಗುತ್ತದೆ.

ಆ ಇಶಾದ ಮರುದಿನ ನಾನು ಮದ್ರಸದಲ್ಲಿ ದುಲ್‌ಯದೈನರ ಹದೀಸ್ ಹೇಳಿಕೊಟ್ಟೆ. ಬೈಸಿಕೊಂಡ ಹುಡುಗನನ್ನು ಎಲ್ಲರ ಮುಂದೆ ಎಬ್ಬಿಸಿ, ನೀನು ಮಾಡಿದ್ದು ಸರಿ, ನಾನು ಕೇಳಬೇಕಿತ್ತು ಎಂದೆ. ಹೇಳುವಾಗ ನನಗೂ ಸ್ವಲ್ಪ ಮುಜುಗರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಂದಿನಿಂದ ನಮ್ಮ ಮಕ್ಕಳಿಗೆ ಸ್ವಲ್ಪ ಬಾಯಿ ಬಂದಿದೆ. ನನ್ನ ಓದಿನಲ್ಲಿ ತಪ್ಪಾದರೆ ಈಗ ಇಬ್ಬರು ಮೂವರು ಒಟ್ಟಿಗೆ ಹೇಳುತ್ತಾರೆ.

ಕೂಳೂರಿನಿಂದ ತಣ್ಣೀರುಬಾವಿಗೆ ಹೋಗುವ ದಾರಿಯಲ್ಲಿ, ನದಿ ಬದಿಯಲ್ಲಿ, ಆ ದುರಂತದ ಸ್ಮಾರಕ ಇದೆ. ಗುರುತು ಸಿಗದೆ ಉಳಿದ ಹನ್ನೆರಡು ಶರೀರಗಳು ಅಲ್ಲಿ ಮಣ್ಣಾಗಿವೆ. ಅವರಲ್ಲಿ ಯಾರು ಮುಸ್ಲಿಮ್, ಯಾರು ಹಿಂದೂ, ಯಾರು ಕ್ರೈಸ್ತ ಎಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ಮೇ 22ಕ್ಕೆ ಅಲ್ಲಿ ಹೂ ಇಡುತ್ತಾರೆ. ಈ ಸಲ ಆ ದಾರಿಯಲ್ಲಿ ಹೋದರೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ವಿಮಾನ ಹೇಗೆ ಬಿತ್ತು ಎಂದು ಅವರು ಕೇಳುತ್ತಾರೆ. ಗುಡ್ಡದ ಕಥೆ ಮಾತ್ರ ಹೇಳಬೇಡಿ, ಪಕ್ಕದಲ್ಲಿ ಕೂತವನು ಮೂರು ಸಲ ಹೇಳಿದ್ದ ಎಂಬುದನ್ನೂ ಹೇಳಿ. ಅಲ್ಲಾಹನು ಅಗಲಿದವರ ಕುಟುಂಬಗಳಿಗೆ ಸಬ್ರ್ ಕೊಡಲಿ. ನಮಗೆ ಸರಿಯಾದ ಹೊತ್ತಿನಲ್ಲಿ ಹೇಳುವ ಬಾಯಿಯನ್ನೂ ಕೇಳುವ ಕಿವಿಯನ್ನೂ ಕೊಡಲಿ. ಆಮೀನ್.